ಒಂಬತ್ತು ಬಿಂದುಗಳ ಸುಣ್ಣದ ವೃತ್ತ

ಆ ಊರಿನಲ್ಲಿ ಗೋಡೆಗಳಿರಲಿಲ್ಲ, ಗೆರೆಗಳಿದ್ದವು. ನಾಲ್ಕು ಕಂಬ, ಮೇಲೊಂದು ಚಾವಣಿ, ಸುತ್ತ ನೆಲದ ಮೇಲೆ ಸುಣ್ಣದ ಒಂದು ಗೆರೆ: ಇಷ್ಟಾದರೆ ಅದನ್ನು ಮನೆ ಎನ್ನುತ್ತಿದ್ದರು. ಬರಲು ಹೋಗಲು ಗೆರೆಯಲ್ಲಿ ಎರಡು ಮೊಳ ಜಾಗ ಬಿಟ್ಟಿರುತ್ತಿದ್ದರು, ಅದೇ ಬಾಗಿಲು. ಬಾಗಿಲು ಬಿಟ್ಟು ಬೇರೆಲ್ಲೂ ಯಾರೂ ಗೆರೆ ದಾಟುತ್ತಿರಲಿಲ್ಲ. ಶಿಕ್ಷೆಗೆ ಹೆದರಿ ಅಲ್ಲ. ಗೆರೆಯ ಹತ್ತಿರ ಬಂದರೆ ಕಾಲೇ ಏಳುತ್ತಿರಲಿಲ್ಲ. ಕಳ್ಳನ ಕಾಲೂ ಏಳುತ್ತಿರಲಿಲ್ಲ, ಕುಡಿದು ತೂರಾಡುವವನ ಕಾಲೂ ಏಳುತ್ತಿರಲಿಲ್ಲ. ಚಳಿಗಾಳಿ ಕೂಡ ಗೆರೆ ದಾಟುವುದಿಲ್ಲ ಎಂದು ಊರಿನವರು ಹೇಳುತ್ತಿದ್ದರು. ಗಡಗಡ ನಡುಗುತ್ತಲೇ ಹೇಳುತ್ತಿದ್ದರು.

ಎಳೆದವನು ಬದುಕಿರುವವರೆಗೆ ಗೆರೆ ಬದುಕಿರುತ್ತದೆ, ಇದು ಆ ಊರಿನ ನಿಯಮ. ಎಳೆದ ಕೈ ತನ್ನ ಗೆರೆಯನ್ನು ತಾನೇ ಅಳಿಸಲಾರದು, ಇನ್ನೊಬ್ಬರ ಕೈಯಂತೂ ಅದರ ಹತ್ತಿರಕ್ಕೂ ಹೋಗದು. ಎಳೆದವನು ಸತ್ತ ದಿನ ಬದುಕಿರುವವರು ಒದ್ದೆ ಬಟ್ಟೆ ತಂದು ಅವನ ಗೆರೆಗಳನ್ನೆಲ್ಲ ಒರೆಸುತ್ತಾರೆ. ಹೆಣ ಎತ್ತುವುದು ಆಮೇಲೆ, ಒರೆಸುವುದು ಮೊದಲು. ಹೊಸ ಗೆರೆ ಎಳೆಯುವ ಮುಂಚೆ ಎಳೆಯುವವನು ಮೂರು ಸಲ "ಒಳಗೋ ಹೊರಗೋ?" ಎಂದು ಕೂಗಬೇಕು. ಆಗ ಸುತ್ತ ಇರುವವರೆಲ್ಲ ಒಂದು ಕಡೆಗೆ ಸರಿದುಕೊಂಡು "ಒಳಗೆ" ಎಂದೋ "ಹೊರಗೆ" ಎಂದೋ ಉತ್ತರ ಕೊಡುತ್ತಾರೆ. ಯಾಕೆಂದರೆ ಗೆರೆಯ ಮೇಲೆಯೇ ಸಿಕ್ಕಿಕೊಂಡವನು ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ. ಅಂಥವನೊಬ್ಬ ಹಿಂದೆ ಯಾವಾಗಲಾದರೂ ಇದ್ದನೇ ಎಂದರೆ ಮುದುಕರು ಮಾತು ಬದಲಿಸುತ್ತಿದ್ದರು.

ಆ ಊರಿನಲ್ಲಿ ಒಬ್ಬ ಜ್ಯಾಮಿತಿಕಾರನಿದ್ದ. ವಯಸ್ಸು ಇಪ್ಪತ್ತೆರಡು, ತಲೆ ತುಂಬ ತ್ರಿಕೋನ. ಬೇರೆಯವರು ಮನೆಗೆ, ಹೊಲಕ್ಕೆ, ಜಗಳಕ್ಕೆ ಗೆರೆ ಎಳೆದರೆ ಅವನು ಗೆರೆಯ ಚೆಂದಕ್ಕಾಗಿಯೇ ಗೆರೆ ಎಳೆಯುತ್ತಿದ್ದ. ಗೆರೆ ನೆಟ್ಟಗೆ ಬಂದರೆ ಮನೆ ನೆಟ್ಟಗಿರುತ್ತದೆ ಎಂದು ಊರಿನವರು ಮೀಸೆ ಚಿಗುರಿದ ತಮ್ಮ ಹುಡುಗರನ್ನೂ ಮದುವೆಯ ವಯಸ್ಸಿಗೆ ಬಂದ ಹುಡುಗಿಯರನ್ನೂ ಅವನ ಹತ್ತಿರ ಪಾಠಕ್ಕೆ ಕಳಿಸುತ್ತಿದ್ದರು. ಒಂಬತ್ತು ಜನ ಬರುತ್ತಿದ್ದರು. ಪಾಠದ ಗೆರೆಗಳನ್ನು ಅವನು ನೀರಿನಲ್ಲಿ ಎಳೆಯುತ್ತಿದ್ದ, ತಂಬಿಗೆಯ ಮೂತಿಯಿಂದ ಸಣ್ಣ ಧಾರೆ ಬಿಡುತ್ತಾ. ನೀರಿನ ಗೆರೆ ಯಾರನ್ನೂ ಕಟ್ಟುವುದಿಲ್ಲ, ನೋಡುತ್ತಾ ನಿಂತ ಹಾಗೆಯೇ ಆರಿಹೋಗುತ್ತದೆ.

ಅವನು ಒಂದು ಸಂಗತಿ ಕಂಡುಹಿಡಿದಿದ್ದ. ಎಲ್ಲಾದರೂ ಮೂರು ಗೂಟ ನೆಡಿ, ಕಣ್ಣು ಮುಚ್ಚಿಕೊಂಡು ನೆಟ್ಟರೂ ಸರಿ. ಸೇರಿಸಿದರೆ ತ್ರಿಕೋನ. ಮೂರು ಬದಿಗಳ ನಟ್ಟನಡುವೆ ಒಂದೊಂದು ಬಿಂದು. ಪ್ರತಿ ಗೂಟದಿಂದ ಎದುರಿನ ಬದಿಗೆ ಲಂಬವಾಗಿ ನಡೆದು ಬಂದರೆ ಕಾಲು ಮುಟ್ಟುವ ಜಾಗದಲ್ಲಿ ಒಂದೊಂದು ಬಿಂದು. ಹಾಗೆ ನಡೆದ ಮೂರು ದಾರಿಗಳೂ ಒಂದೇ ಕಡೆ ಕೂಡುತ್ತವೆ. ಆ ಕೂಡಲಿಗೂ ಪ್ರತಿ ಗೂಟಕ್ಕೂ ನಟ್ಟನಡುವೆ ಮತ್ತೊಂದೊಂದು ಬಿಂದು. ಒಟ್ಟು ಒಂಬತ್ತು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಒಂಬತ್ತೂ ಒಂದೇ ವೃತ್ತದ ಮೇಲೆ ಬಂದು ಕೂರುತ್ತವೆ. ಮೊದಲ ಸಲ ಇದು ಹೊಳೆದ ದಿನ ಅವನು ಒಬ್ಬನೇ ಕೂತು ಅತ್ತಿದ್ದ. ಯಾರಿಗಾದರೂ ಹೇಳಿದರೆ "ಹೌದಾ?" ಎಂದು ಆಕಳಿಸುತ್ತಿದ್ದರು.

ಕಣ್ಣಿಗೆ ತೋರಿಸಿದರೆ ನಂಬಿಯಾರು ಎಂದು ಅವನು ಊರ ಬಯಲನ್ನೇ ಆರಿಸಿಕೊಂಡ. ಬಾವಿ ಒಂದು ಮೂಲೆ, ಗಂಟೆಕಂಬ ಒಂದು ಮೂಲೆ, ಕುಂಬಾರ ಮಡಕೆ ಸುಡುವ ಆವಿಗೆ ಒಂದು ಮೂಲೆ. ಒಂಬತ್ತು ಶಿಷ್ಯರನ್ನು ಒಂಬತ್ತು ಬಿಂದುಗಳಲ್ಲಿ ನಿಲ್ಲಿಸಿದ. ನಡುವೆ ಗೂಟ ಹೊಡೆದು ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ತಂಬಿಗೆಯಿಂದ ನೀರು ಬಿಡುತ್ತಾ ಸುತ್ತಿದ. ಬಯಲು ದೊಡ್ಡದು, ಬಿಸಿಲು ಕಡು. ಐದನೆಯ ಶಿಷ್ಯನ ಹತ್ತಿರ ಬರುವಷ್ಟರಲ್ಲಿ ಮೊದಲನೆಯವನ ಕಾಲ ಬಳಿಯ ಗೆರೆ ಆರಿಹೋಗುತ್ತಿತ್ತು. ಮೂರು ಬೇಸಿಗೆ ಹೀಗೆಯೇ ಸುತ್ತಿದ. ಪೂರ್ತಿ ವೃತ್ತವನ್ನು ಯಾರೂ ನೋಡಲಿಲ್ಲ.

ನಾಲ್ಕನೆಯ ವರ್ಷ, ಸುಗ್ಗಿ ಮುಗಿದ ಮೇಲೆ, ಊರಿಗೆ ಊರೇ ಬಯಲಿನ ಅಂಚಿನಲ್ಲಿ ನೆರೆದಿದ್ದ ದಿನ ಅವನು ತಂಬಿಗೆಯಲ್ಲಿ ಸುಣ್ಣ ಕಲಸಿಕೊಂಡ. ಇಂಥ ನಿಜ ಆರಿಹೋಗಬಾರದು ಎಂದಷ್ಟೇ ಅವನ ತಲೆಯಲ್ಲಿದ್ದದ್ದು. ಹಗ್ಗ ಬಿಗಿಯಾಗಿತ್ತು, ಸುಣ್ಣದ ಧಾರೆ ಸಣ್ಣಗಿತ್ತು, ಗೆರೆ ಒಬ್ಬೊಬ್ಬರ ಅಂಗಾಲಿನ ಅಡಿಯಿಂದ ಹಾದುಹೋಯಿತು. ಒಂದು, ಎರಡು, ಮೂರು ಎಂದು ಜನ ಎಣಿಸತೊಡಗಿದರು. ಒಂಬತ್ತನೆಯ ಬಿಂದುವಿನಲ್ಲಿ ನೇಕಾರನ ಮಗಳು ನಿಂತಿದ್ದಳು, ಅವನ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕು. ಗೆರೆ ಅವಳ ಪಾದವನ್ನೂ ಮುಟ್ಟಿ ಹೊರಟಲ್ಲಿಗೇ ಬಂದು ಸೇರಿದಾಗ ಊರು ಹೋ ಎಂದು ಕೂಗಿತು. ಗೆರೆಗಾವಲಿನ ಮುದುಕ, ಊರಿನ ಗೆರೆಗಳ ನ್ಯಾಯ ನೋಡಿಕೊಳ್ಳುವವನು, ಅವನೂ ಚಪ್ಪಾಳೆ ತಟ್ಟಿದ. ಜ್ಯಾಮಿತಿಕಾರನಿಗೆ ತನ್ನ ಬಾಳು ಸಾರ್ಥಕವಾಯಿತು ಅನ್ನಿಸಿತು.

ಊಟದ ಗಂಟೆ ಹೊಡೆಯಿತು. ಎಲ್ಲರೂ ಹೊರಟರು. ಒಂಬತ್ತು ಜನ ಹೊರಡಲಿಲ್ಲ.

"ಯಾಕ್ರೋ, ಹಸಿವಿಲ್ವಾ?" ಎಂದು ಅವನು ನಗುತ್ತಾ ಕೇಳಿದ.

"ಮೇಷ್ಟ್ರೇ," ಎಂದಳು ನೇಕಾರನ ಮಗಳು, "ಕಾಲು ಬರ್ತಿಲ್ಲ."

ಆಗ ಅವನಿಗೆ ಹೊಳೆಯಿತು. ಒಳಗೋ ಹೊರಗೋ ಎಂದು ಅವನು ಕೂಗಿರಲಿಲ್ಲ. ಪಾಠ ಮಾಡಿ ಮಾಡಿ ಅಭ್ಯಾಸ, ನೀರಿನ ಗೆರೆಗೆ ಯಾರು ಕೂಗುತ್ತಾರೆ? ಈಗ ಒಂಬತ್ತು ಜನ ಗೆರೆಯ ಮೇಲಿದ್ದರು. ಗೆರೆಯ ಗುಂಟ ನಡೆಯಬಹುದಿತ್ತು, ಒಳಕ್ಕೆ ಹೆಜ್ಜೆ ಇಡುವಂತಿಲ್ಲ, ಹೊರಕ್ಕೂ ಇಡುವಂತಿಲ್ಲ. ಮನೆಯ ಗೆರೆಗಾದರೆ ಬಾಗಿಲಿರುತ್ತದೆ. ವೃತ್ತಕ್ಕೆ ಯಾರೂ ಬಾಗಿಲು ಬಿಡುವುದಿಲ್ಲ. ಅವನು ಓಡಿಹೋಗಿ ಬಟ್ಟೆ ಒದ್ದೆ ಮಾಡಿ ತಂದು ಬಗ್ಗಿದ. ಕೈ ಗೇಣು ದೂರದಲ್ಲೇ ನಿಂತಿತು. ಬಲಗೈಯನ್ನು ಎಡಗೈಯಿಂದ ಹಿಡಿದು ಒತ್ತಿದ, ಅದೂ ಆಗಲಿಲ್ಲ.

ಹೀಗೆ ಶುರುವಾಯಿತು. ಒಂಬತ್ತು ತಾಯಂದಿರು ದಿನವೂ ಬುತ್ತಿ ಕಟ್ಟಿಕೊಂಡು ಬಂದು ಗೆರೆಯ ಅಂಚಿನಲ್ಲಿ ಕೂತು ಮಕ್ಕಳ ಬಾಯಿಗೆ ತುತ್ತು ಇಡುತ್ತಿದ್ದರು. ಒಂಬತ್ತು ಮಕ್ಕಳು ಗೆರೆಯ ಮೇಲೆ ಸುತ್ತುತ್ತಿದ್ದರು, ಗೆರೆಯ ಮೇಲೆ ಮುದುರಿ ಮಲಗುತ್ತಿದ್ದರು, ಎದ್ದು ಮತ್ತೆ ಸುತ್ತುತ್ತಿದ್ದರು. ಸುತ್ತಿ ಸುತ್ತಿ ಸುಣ್ಣ ಸವೆಯಲಿ ಎಂದು ಕಾಲು ಎಳೆದು ನಡೆದರು. ಬದುಕಿರುವವನ ಸುಣ್ಣ ಸವೆಯಲಿಲ್ಲ.

ಯಾರೂ ಜ್ಯಾಮಿತಿಕಾರನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಆ ಊರಿನವರು ಬಹಳ ಮರ್ಯಾದಸ್ಥರು. ಅಂಥ ಮರ್ಯಾದೆಯನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ದಾರಿಯಲ್ಲಿ ಸಿಕ್ಕಿದರೆ ತಾಯಂದಿರು ನಿಂತು ಮಾತಾಡಿಸುತ್ತಿದ್ದರು.

"ಊಟ ಆಯ್ತಾ ಮೇಷ್ಟ್ರೇ?"

"ಆಯ್ತಮ್ಮ."

"ಆಯ್ತಾ? ಹೋಗ್ಲಿ ಬಿಡಿ. ಮೊನ್ನೆ ಕೆಮ್ಮುತಿದ್ರಲ್ಲ?"

"ಈಗ ವಾಸಿ."

"ವಾಸಿಯಾಯ್ತಾ," ಎಂದು ಅವರ ಮುಖ ಸಪ್ಪಗಾಗುತ್ತಿತ್ತು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಒಳ್ಳೇದಾಯ್ತು ಬಿಡಿ," ಎನ್ನುತ್ತಿದ್ದರು. ಅವನಿಗೆ ತನ್ನ ಆರೋಗ್ಯದ ಬಗ್ಗೆ ನಾಚಿಕೆಯಾಗತೊಡಗಿತು. ಹಸಿವಾದರೆ ನಾಚಿಕೆ, ನಿದ್ದೆ ಬಂದರೆ ನಾಚಿಕೆ. ಬೆಳಿಗ್ಗೆ ಎದ್ದು ಉಸಿರಾಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಕಣ್ಣು ಮತ್ತೆ ಮುಚ್ಚಿಕೊಳ್ಳುತ್ತಿದ್ದ.

ಚಳಿಗಾಲ ಹತ್ತಿರ ಬಂತು. ಒಂಬತ್ತು ಜನರಲ್ಲಿ ಬಡಗಿಯ ಮಗ ಕೆಮ್ಮತೊಡಗಿದ, ಕೆಮ್ಮು ಎದೆಗೆ ಇಳಿಯಿತು. ಬಯಲಿನಲ್ಲಿ ಬಿದ್ದವರು ಹಿಮ ಸುರಿದರೆ ಉಳಿಯುವುದಿಲ್ಲ, ಇದು ಎಲ್ಲರಿಗೂ ಗೊತ್ತಿತ್ತು. ಜ್ಯಾಮಿತಿಕಾರ ಗೆರೆಗಾವಲಿನ ಮುದುಕನ ಹತ್ತಿರ ಹೋದ. ಮುದುಕ ಗಂಟೆಕಂಬದ ಕೆಳಗೆ ನಾಯಿಯ ತಲೆ ಸವರುತ್ತಾ ಕೂತಿದ್ದ. ಬಾಯಲ್ಲಿ ಹಲ್ಲಿಲ್ಲ, ಕೆಟ್ಟವನೂ ಅಲ್ಲ.

"ಅಜ್ಜಾ, ಆ ವೃತ್ತ ನಾನು ಮಾಡಿದ್ದಲ್ಲ," ಎಂದ ಅವನು. "ಬಾವಿ, ಕಂಬ, ಆವಿಗೆ ಇದ್ದ ದಿನದಿಂದಲೂ ಅದು ಅಲ್ಲೇ ಇತ್ತು. ನಾನು ಬೆಳ್ಳಗೆ ಮಾಡಿದೆ ಅಷ್ಟೇ. ನನ್ನ ಗೆರೆಯೇ ಅಲ್ಲ ಅಂದಮೇಲೆ ಅದು ಕಟ್ಟಬಾರದು."

"ನಿಂದಲ್ಲ ಅಂದ್ರೆ ಯಾರು ಎಳೆದದ್ದು?"

"ಯಾರೂ ಎಳೆದಿಲ್ಲ. ಅದು ಇದೆ."

ಮುದುಕ ನಾಯಿಯ ತಲೆಯಿಂದ ಕೈ ತೆಗೆದ. "ಮಗಾ, ನೋಡಿ ಮಾತಾಡು. ಯಾರೂ ಎಳೆದಿಲ್ಲ ಅಂದ್ರೆ ಎಳೆದವನು ಸಾಯೋದೂ ಇಲ್ಲ. ಎಳೆದವನು ಸಾಯದಿದ್ರೆ ಒರೆಸೋದು ಯಾವಾಗ? ಆ ಒಂಬತ್ತು ಜನ ಎಂದೆಂದಿಗೂ ಅಲ್ಲೇ ಇರ್ಬೇಕು ಅಂತೀಯಾ?"

ಅವನು ಬಯಲಿನ ಕಡೆ ನೋಡಿದ.

"ಹೇಳು. ನಿಂದೋ, ಅಲ್ವೋ?"

ಅದು ತನ್ನದಲ್ಲ ಎಂದು ಅವನಿಗೆ ತನ್ನ ಉಸಿರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ವೃತ್ತ ಊರಿಗಿಂತ ಹಳೆಯದು, ಸುಣ್ಣಕ್ಕಿಂತ ಹಳೆಯದು. ಅದಕ್ಕಾಗಿಯೇ ಅದನ್ನು ಪ್ರೀತಿಸಿದ್ದ.

"ನಂದೇ," ಎಂದ. "ನಾನೇ ಎಳೆದದ್ದು."

"ಹಾಗನ್ನು," ಎಂದು ಮುದುಕ ನಿಟ್ಟುಸಿರು ಬಿಟ್ಟ. "ಮನೆಗೆ ಹೋಗು. ಊಟ ಗೀಟ ಮಾಡು." ಹಾಗೆಂದವನು ಅವನ ಮುಖ ನೋಡಲಿಲ್ಲ.

ಅವನು ಮನೆಗೆ ಹೋಗಲಿಲ್ಲ. ವೃತ್ತದ ಹತ್ತಿರ ಬಂದ. ನೇಕಾರನ ಮಗಳು ಬಡಗಿಯ ಮಗನ ಹಿಂದೆ ನಿಂತು ಅವನ ಬೆನ್ನು ತಿಕ್ಕುತ್ತಿದ್ದಳು. ಅವಳ ತುಟಿ ಚಳಿಗೆ ಒಡೆದಿತ್ತು.

"ಮೇಷ್ಟ್ರೇ, ನೀವು ಏನೋ ಯೋಚನೆ ಮಾಡ್ತಿದೀರಿ," ಎಂದಳು. "ಬೇಡ."

"ಏನೂ ಇಲ್ಲ."

"ಸುಳ್ಳು ಹೇಳೋಕೆ ನಿಮಗೆ ಬರಲ್ಲ. ನಮ್ಮ ಅಮ್ಮಂದಿರು ಏನಾದ್ರೂ ಅಂದ್ರಾ?"

"ಊಟ ಆಯ್ತಾ ಅಂದ್ರು."

ಅವಳು ಅಳಲಿಲ್ಲ. "ನಾನು ದಿನಾ ಸುತ್ತುವಾಗ ಲೆಕ್ಕ ಮಾಡ್ತೀನಿ," ಎಂದಳು. "ತ್ರಿಕೋನದ ಒಳಗಡೆ, ಮೂರೂ ಬದಿ ಮುಟ್ಟೋ ಹಾಗೆ ಇನ್ನೊಂದು ಚಿಕ್ಕ ವೃತ್ತ ಬರುತ್ತಲ್ಲ, ಅದು ನಮ್ಮ ವೃತ್ತಾನ ಒಂದೇ ಒಂದು ಕಡೆ ಮುಟ್ಟುತ್ತೆ ಅಂತ ಕಾಣುತ್ತೆ. ದಾಟಲ್ಲ, ಬರೀ ಮುಟ್ಟುತ್ತೆ. ಸರೀನಾ?"

ಅವನು ಕಣ್ಣು ಮುಚ್ಚಿ ನೋಡಿದ. ಸರಿಯಾಗಿತ್ತು. ಅವನಿಗೂ ಅದು ಹೊಳೆದಿರಲಿಲ್ಲ. ಸಂತೋಷ ಎಂಬುದು ಇನ್ನೂ ಉಳಿದಿದೆ ಎಂದು ಅವನಿಗೆ ಆ ಕ್ಷಣ ತಿಳಿಯಿತು, ಅದರ ಜೊತೆಗೇ ಇವಳು ಹಿಮದಲ್ಲಿ ಸಾಯಬಾರದು ಎಂದೂ ತಿಳಿಯಿತು. "ಸರಿ," ಎಂದು ಅವಳ ತಲೆಯ ಮೇಲೆ ಕೈ ಇಟ್ಟು ಹೊರಟ.

ಮಾರನೆಯ ಬೆಳಿಗ್ಗೆ ಹಿಮ ಬೀಳತೊಡಗಿತು. ಅವನು ಕಂಬಳಿ ಬಿಟ್ಟು ಗುಡ್ಡ ಹತ್ತಿದ. ಕುರಿದಾರಿ ಮುಗಿದು ಕಲ್ಲು ಶುರುವಾಗುವಲ್ಲಿ ಮಲಗಿಕೊಂಡ. ಭಯವಾಯಿತು. ಒಂದು ಸಲ ಏಳಲೂ ನೋಡಿದ, ಇದನ್ನು ಮುಚ್ಚಿಡಲಾರೆ. ಆಮೇಲೆ ಭಯವೂ ತಣ್ಣಗಾಯಿತು.

ಮಧ್ಯಾಹ್ನ ಕುರಿಗಾಹಿಯೊಬ್ಬ ಅವನನ್ನು ಕಂಡ. ಮೂಗಿನ ಹತ್ತಿರ ಬೆರಳಿಟ್ಟು ನೋಡಿದ, ಉಸಿರು ಕಾಣಲಿಲ್ಲ. ತೋಳ ಮುಟ್ಟದಿರಲಿ ಎಂದು ಹೊತ್ತು ತಂದು ಕುರಿಗಳ ದೊಡ್ಡಿಯಲ್ಲಿ ಮಲಗಿಸಿ ಊರಿಗೆ ಓಡಿದ. "ಮೇಷ್ಟ್ರು ಹೋಗ್ಬಿಟ್ರು!" ಎಂದು ಬಯಲಿನಲ್ಲಿ ನಿಂತು ಕೂಗಿದ. ಅವನು ಎರಡನೆಯ ಸಲ ಕೂಗುವುದರೊಳಗೆ ಒಂಬತ್ತು ತಾಯಂದಿರು ಒದ್ದೆ ಬಟ್ಟೆ ಹಿಡಿದು ಬಂದಿದ್ದರು. ಬಟ್ಟೆಗಳು ಎಷ್ಟು ದಿನದಿಂದ ಒದ್ದೆಯಾಗಿದ್ದವೋ ಕೇಳಬೇಡಿ. ಹಿಮ ಗುಡಿಸಿ, ಮಂಡಿಯೂರಿ, ಅಳುತ್ತಾ ಒರೆಸಿದರು. ಈ ಸಲ ಅವರ ಕೈ ತಡೆಯಲಿಲ್ಲ, ಸುಣ್ಣ ಬಟ್ಟೆಗೆ ಬಂತು. ಒಂಬತ್ತು ಜನ ಕಾಲೆತ್ತಿ ನೋಡಿದರು. ಕಾಲು ಎದ್ದಿತು. ಬಡಗಿಯ ಮಗನನ್ನು ಹೊತ್ತುಕೊಂಡು ಹೋದರು. ಅಲ್ಲಿಂದ ಎಲ್ಲರೂ ಜ್ಯಾಮಿತಿಕಾರನ ಮನೆಗೆ ಹೋಗಿ ಆ ಗೆರೆಯನ್ನೂ ಒರೆಸಿದರು.

ಹಿಮ ಜೋರಾಗಿತ್ತು, ಹೆಣ ತರಲು ಗುಡ್ಡ ಹತ್ತಲು ಯಾರಿಗೂ ಆಗಲಿಲ್ಲ. ಕುರಿಗಳ ಮೈಯ ಬಿಸಿ ದೊಡ್ಡದು. ಎರಡನೆಯ ದಿನ ದೊಡ್ಡಿಯಲ್ಲಿ ಅವನು ಕಣ್ಣು ಬಿಟ್ಟ. ಕುರಿಗಾಹಿ ಅವನನ್ನು ನೋಡಿ ಕಿರುಚಿ, ದೊಡ್ಡಿ ಬಿಟ್ಟು ಓಡಿ, ಅಂದಿನಿಂದ ಬೇರೆ ಗುಡ್ಡದಲ್ಲಿ ಮೇಯಿಸತೊಡಗಿದ. ಜ್ಯಾಮಿತಿಕಾರ ಗುಡ್ಡ ಇಳಿಯತೊಡಗಿದ. ಮೇಲಿಂದಲೇ ಬಯಲು ಕಾಣಿಸಿತು. ವೃತ್ತ ಇರಲಿಲ್ಲ, ಯಾರೂ ಸುತ್ತುತ್ತಿರಲಿಲ್ಲ. ಅವನು ಅಲ್ಲೇ ಕೂತು ಮನಸಾರೆ ಅತ್ತ. ಎಲ್ಲರೂ ಉಳಿದರು, ನಾನೂ ಉಳಿದೆ, ಎಂದುಕೊಂಡ. ಓಡೋಡಿ ಊರಿಗೆ ಬಂದ.

ಮೊದಲು ಎದುರಾದವಳು ಒಬ್ಬ ತಾಯಿ. "ಅಮ್ಮಾ, ನಾನು ಬದುಕಿದೀನಿ," ಎಂದ. ಅವಳು ಅವನನ್ನು ನೋಡಿದಳು. ನೋಡಿದ್ದು ಅವನಿಗೆ ಗೊತ್ತಾಯಿತು. ಆಮೇಲೆ ಅವಳ ಕಣ್ಣು ಅವನ ಮೂಲಕ ಹಾದು ಹಿಂದಿನ ಬಾವಿಯನ್ನು ನೋಡತೊಡಗಿತು. ಅವಳು ನಡೆದುಹೋದಳು. ಕುಂಬಾರ ಹಾಗೆಯೇ ಹೋದ. ಬಡಗಿ ಹಾಗೆಯೇ ಹೋದ. ಅವನ ಮನೆಯ ಜಾಗದಲ್ಲಿ ಯಾರೋ ಸೌದೆ ಒಟ್ಟಿದ್ದರು.

ಅವನು ಗಂಟೆಕಂಬದ ಹತ್ತಿರ ಹೋದ. ಗೆರೆಗಾವಲಿನ ಮುದುಕ ಅವನ ಕಡೆ ತಿರುಗಲಿಲ್ಲ. ನಾಯಿಯ ಕಿವಿ ಹಿಡಿದು ನಾಯಿಗೆ ಹೇಳತೊಡಗಿದ.

"ಕೇಳೋ ನಾಯಿ. ಎಳೆದವನು ಬದುಕಿರುವಾಗ ಗೆರೆ ದಾಟೋಕೆ ಆಗಲ್ಲ. ಒಂಬತ್ತು ಜನ ದಾಟಿ ಮನೆ ಸೇರಿದಾರೆ. ಅಂದ್ರೆ ಎಳೆದವನು ಸತ್ತಿದಾನೆ. ಬದುಕಿದಾನೆ ಅಂತ ಒಬ್ಬರು, ಒಬ್ಬರೇ ಒಬ್ಬರು, ಅವನನ್ನ ಕರೆದು ಮಾತಾಡಿಸಿದ್ರೂ ಸಾಕು, ವೃತ್ತ ಮತ್ತೆ ಎಳೀಬೇಕಾಗುತ್ತೆ. ಒಂಬತ್ತು ಜನಾನೂ ವಾಪಸು ನಿಲ್ಲಿಸ್ಬೇಕಾಗುತ್ತೆ. ಹಿಮ ಇನ್ನೂ ಮೂರು ತಿಂಗಳು ಇದೆ." ಮುದುಕ ನಾಯಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನನಗೆ ಕೈ ಮುಗಿಯೋಕೂ ಆಗಲ್ಲ ನೋಡು. ಇಲ್ಲದವರಿಗೆ ಹೇಗೆ ಕೈ ಮುಗಿಯೋದು?"

"ಅಜ್ಜಾ," ಎಂದ ಅವನು, "ಅವರು ದಾಟಿದಾರೆ. ನಾನು ಬದುಕಿರುವಾಗಲೇ ದಾಟಿದಾರೆ. ಅಂದ್ರೆ ಗೆರೆ ದಾಟೋಕೆ ಆಗುತ್ತೆ! ಯಾವ ಗೆರೆ ಬೇಕಾದ್ರೂ!"

ಎಷ್ಟು ದೊಡ್ಡ ಮಾತು! ಅಲ್ಲಿ ಅದನ್ನು ಕೇಳಲು ನಾಯಿ ಒಂದೇ ಇದ್ದದ್ದು. ಅದು ಬಾಲ ಆಡಿಸಿತು.

ಅವನು ಊರು ಬಿಡಲಿಲ್ಲ. ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೇರೆ ಊರಿನಲ್ಲಿ ಅವನು ಬದುಕಿದ್ದರೆ ಸುದ್ದಿ ಬರದೆ ಇರುತ್ತದೆಯೇ? ಇಲ್ಲಾದರೆ ಎಲ್ಲರೂ ಅವನನ್ನು ಕಾಣದಿರಲು ಕಲಿತಿದ್ದರು. ಆವಿಗೆಯ ಬೆಚ್ಚಗಿನ ಬೂದಿಯ ಪಕ್ಕ ಮಲಗುತ್ತಿದ್ದ. ತಾಯಂದಿರು ಸತ್ತ ಮೇಷ್ಟ್ರಿಗೆ ಕೃತಜ್ಞತೆಯಿಂದ ದಿನವೂ ಎಡೆ ಇಡುತ್ತಿದ್ದರು, ಬಯಲಿನಲ್ಲಿ ಒಂಬತ್ತು ಎಲೆ, ಅವನಿಗೆ ಇಷ್ಟವಾದ ಅಡುಗೆಗಳನ್ನೇ ನೆನಪಿಟ್ಟು. ಅವನು ಕಾಗೆಗಳ ಜೊತೆ ಕೂತು ತನ್ನ ಎಡೆಯನ್ನು ತಾನೇ ಉಣ್ಣುತ್ತಿದ್ದ. ತಲೆಗೂದಲು ಹೆಗಲಿಗೆ ಬಂತು, ಉಗುರು ಬಾಗಿದವು. ಮನೆಗಳ ಗೆರೆ ದಾಟಲು ಒಂದೆರಡು ಸಲ ಕಾಲೆತ್ತಿದ, ಸುಲಭವಾಗಿ ದಾಟಿತು. ಒಳಗೆ ಕೂತವರು ತಮ್ಮ ಪಾಡಿಗೆ ರೊಟ್ಟಿ ತಟ್ಟುತ್ತಿದ್ದರು. ಅವನು ಹಾಗೆಯೇ ಹೊರಗೆ ಬಂದ, ಬಾಗಿಲಿನಿಂದಲೇ ಬಂದ.

ಹಿಮ ಕರಗಿತು. ಬಡಗಿಯ ಮಗ ವಾಸಿಯಾಗಿ ಉಳಿ ಹಿಡಿದ. ಜ್ಯಾಮಿತಿಕಾರನ ಹಳೆಯ ಪಾಠದ ಜಾಗದಲ್ಲಿ ನೇಕಾರನ ಮಗಳು ಮಕ್ಕಳಿಗೆ ಪಾಠ ಶುರು ಮಾಡಿದಳು, ಮಕ್ಕಳು ಅವಳನ್ನು ಮೇಷ್ಟ್ರಕ್ಕ ಎನ್ನುತ್ತಾರೆ ಎಂದು ಕೇಳಿದ. ಅವಳ ಕಡೆಗೆ ಅವನು ಒಂದು ದಿನವೂ ಸುಳಿದಿರಲಿಲ್ಲ. ಆದರೆ ಹಾಗೆ ಇರಲು ಮನುಷ್ಯನಿಂದ ಎಷ್ಟು ದಿನ ಆದೀತು? ತನ್ನನ್ನು ಯಾರಾದರೂ ಒಂದು ಸಲ, ಒಂದೇ ಒಂದು ಸಲ, ಮೇಷ್ಟ್ರೇ ಎಂದು ಕರೆಯಬೇಕು ಎಂಬ ಆಸೆ ಅವನನ್ನು ಜ್ವರ ಹಿಡಿದಂತೆ ಹಿಡಿಯಿತು. ಹಿಮವೂ ಹೋಗಿದೆ, ಒಂದು ದಿನ ಗೆರೆಯ ಮೇಲೆ ನಿಂತರೆ ಯಾರೂ ಸಾಯುವುದಿಲ್ಲ ಎಂದುಕೊಂಡ. ಆಮೇಲೆ, ಒಂದು ದಿನ ಅಲ್ಲ, ನಾನು ಸಾಯುವವರೆಗೆ, ಎಂದೂ ನೆನೆದುಕೊಂಡ. ನೆನೆದುಕೊಂಡೇ ಹೊರಟ.

ಹಾಡಹಗಲು. ಅವಳು ನೀರಿನಲ್ಲಿ ತ್ರಿಕೋನ ಎಳೆದು ಒಂಬತ್ತು ಬಿಂದು ಹಾಕಿದ್ದಳು. ದೊಡ್ಡ ವೃತ್ತ ಎಳೆದು, ಒಳಗಿನ ಚಿಕ್ಕ ವೃತ್ತ ಎಳೆದು, ಎರಡೂ ಮುಟ್ಟುವ ಆ ಒಂದು ಜಾಗದ ಮೇಲೆ ಬೆರಳಿಟ್ಟು, "ಇದನ್ನ ನನಗೆ ಸರಿ ಅಂದವರು ಒಬ್ಬರೇ," ಎಂದು ಮಕ್ಕಳಿಗೆ ಹೇಳುತ್ತಿದ್ದಳು. ಹೇಳುತ್ತಾ ತಲೆ ಎತ್ತಿದಳು. ಅವನು ಮಕ್ಕಳ ಹಿಂದೆ ನಿಂತಿದ್ದ.

ಬೇರೆಯವರ ಹಾಗೆ ಅವಳ ಕಣ್ಣು ಅವನ ಮೂಲಕ ಹಾದುಹೋಗಲಿಲ್ಲ. ಅವನ ಕೂದಲಿನ ಮೇಲೆ, ಉಗುರಿನ ಮೇಲೆ, ಮುಖದ ಮೇಲೆ ನಿಂತಿತು. ಕಣ್ಣು ತುಂಬಿಕೊಂಡಿತು. ಅವಳು ಕರೆಯುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಆಗುವುದೆಲ್ಲ ಆಗಲಿ ಎಂದು ಎಲ್ಲ ತಿಳಿದೇ ಕರೆಯುತ್ತಾಳೆ, ಅದನ್ನು ಕೇಳಲೆಂದೇ ತಾನು ಬಂದದ್ದು. ಅವಳ ತುಟಿ ಬಿಚ್ಚಿತು.

ಮೇಷ್ಟ್ರಕ್ಕ ಯಾರನ್ನು ನೋಡುತ್ತಿದ್ದಾಳೆ ಎಂದು ಮಕ್ಕಳೆಲ್ಲ ಹಿಂದೆ ತಿರುಗಿ ನೋಡಿದರು.

ಅವಳು ಕರೆಯುವ ಮುಂಚೆಯೇ ಅವನೂ ಮಕ್ಕಳ ಹಾಗೆ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.